ಕೇಳಿ ಬರೆಯುವ ಕೆಲಸ: ಕಲಿಕೆಗೆ ಸಾಲ ಕೊಡುವ ಮುನ್ನ

ಸಂಘದ ನಡಾವಳಿ ಪುಸ್ತಕ ತಿರುವಿ ಹಾಕಿದರೆ ಸಾಲ ಪಡೆದ ಕಾರಣಗಳು ಬಹುಪಾಲು ಒಂದೇ ಬಗೆಯವು. ಎಮ್ಮೆ, ಬೀಜ ಗೊಬ್ಬರ, ಆಸ್ಪತ್ರೆ ಖರ್ಚು, ಮಗಳ ಮದುವೆ. ಈಗ ಕೆಲವು ಕಡೆ ಹೊಸದೊಂದು ಕಾರಣ ಸೇರುತ್ತಿದೆ: ಮಗಳ ತರಬೇತಿ ಶುಲ್ಕ. ಹಂಪಸಾಗರದಂಥ ಊರಿನ ಸಂಘಕ್ಕೆ ಇಂಥದೊಂದು ಅರ್ಜಿ ಬಂತೆನ್ನಿ. ಪಿಯುಸಿ ಮುಗಿಸಿದ ಹುಡುಗಿ. ಪಟ್ಟಣದಲ್ಲಿ ‘ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್’ ಕಲಿಸುತ್ತಾರಂತೆ. ಆರು ತಿಂಗಳು ಕಲಿತರೆ ಮನೆಯಲ್ಲೇ ಕೂತು ಅಮೆರಿಕದ ಆಸ್ಪತ್ರೆಗೆ ಕೆಲಸ ಮಾಡಬಹುದಂತೆ. ಅವ್ವ ಸಂಘದ ಸದಸ್ಯೆ, ಕಂತು ತಪ್ಪಿಸಿದವಳಲ್ಲ. ಸಾಲ ಕೊಡಬೇಕೆ, ಬೇಡವೆ?

ವರದಕ್ಷಿಣೆ, ಮನೆಯೊಳಗಿನ ಹೊಡೆತ ಬಡಿತದ ಬಗ್ಗೆ ಬರೆಯುವ ಪತ್ರಿಕೆಗೆ ಈ ಉಸಾಬರಿ ಯಾಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. ಎರಡು ತೊಲ ಬಂಗಾರಕ್ಕೆ ಹೋಗುವ ದುಡ್ಡು ಮಗಳ ಕಲಿಕೆಗೆ ಹೋಗಲಿ ಎಂದು ವರ್ಷಗಳಿಂದ ಹೇಳುತ್ತ ಬಂದವರು ನಾವೇ. ಹಾಗೆ ಹೇಳಿದ ಮೇಲೆ ಆ ಕಲಿಕೆ ಎಂಥದು, ಅದರಿಂದ ಬರುವ ಸಂಬಳ ಯಾರ ಕೈಗೆ ಬೀಳುತ್ತದೆ ಎಂದು ವಿಚಾರಿಸುವ ಹೊಣೆಯೂ ನಮ್ಮದೇ.

ಮೊದಲು ಕೆಲಸ ಏನೆಂದು ತಿಳಿಯೋಣ. ಅಮೆರಿಕದಲ್ಲಿ ಡಾಕ್ಟರು ರೋಗಿಯನ್ನು ನೋಡಿದ ಮೇಲೆ ಏನು ಕಂಡೆ, ಯಾವ ಔಷಧಿ ಕೊಟ್ಟೆ, ಯಾವ ಆಪರೇಷನ್ ಮಾಡಿದೆ ಎಂಬುದನ್ನು ಬಾಯಲ್ಲಿ ಹೇಳಿ ಧ್ವನಿಮುದ್ರಣ ಮಾಡುವ ರೂಢಿ ಹಳೆಯದು. ಅಲ್ಲಿ ವಿಮಾ ಕಂಪನಿ ದುಡ್ಡು ಕೊಡಬೇಕಾದರೆ ಪ್ರತಿಯೊಂದಕ್ಕೂ ಬರಹದ ದಾಖಲೆ ಬೇಕು. ಆ ಧ್ವನಿಯನ್ನು ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿ, ಕಾಲಿನ ಪೆಡಲ್ ಒತ್ತಿ ನಿಲ್ಲಿಸಿ, ಹಿಂದೆ ಸರಿಸಿ, ಮತ್ತೆ ಕೇಳಿ ಕಂಪ್ಯೂಟರಿನಲ್ಲಿ ಬರೆಯುವುದೇ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. ಅಲ್ಲಿ ಸಂಜೆಯಾದಾಗ ಇಲ್ಲಿ ಬೆಳಗು. ಅವರ ಡಾಕ್ಟರು ಮನೆಗೆ ಹೋಗಿ ಮಲಗಿ ಏಳುವುದರೊಳಗೆ ನಮ್ಮ ಹುಡುಗಿಯರು ಬರೆದು ಕಳಿಸಿರುತ್ತಾರೆ. ಇಂಗ್ಲಿಷ್ ಬಲ್ಲ, ಕಡಿಮೆ ಕೂಲಿಗೆ ಸಿಗುವ ಪದವೀಧರರು ಇಲ್ಲಿ ಬೇಕಾದಷ್ಟು ಇದ್ದರು. ಹೀಗಾಗಿ 1990ರ ದಶಕದ ನಡುವಿನಿಂದ ಈ ಕೆಲಸ ಬೆಂಗಳೂರಿಗೆ ಬಂತು. ಹೆಲ್ತ್‌ಸ್ಕ್ರೈಬ್‌ನಂಥ ಕಂಪನಿಗಳು ನೂರಾರು ಯುವಕ ಯುವತಿಯರನ್ನು ಸೇರಿಸಿಕೊಂಡವು. ಕಂಪನಿಗಳ ಬೆನ್ನಿಗೇ ತರಬೇತಿ ಕೇಂದ್ರಗಳ ಬೋರ್ಡುಗಳೂ ಎದ್ದವು.

ಕೆಲಸ ಹೇಳಿದಷ್ಟು ಹಗುರವಲ್ಲ. ಬೆರಳು ಓಡಿದರೆ ಸಾಲದು, ಕಿವಿ ಪಳಗಬೇಕು. ರಕ್ತದೊತ್ತಡ ಏರಿದ್ದಕ್ಕೆ ‘ಹೈಪರ್‌ಟೆನ್ಷನ್’, ಇಳಿದದ್ದಕ್ಕೆ ‘ಹೈಪೊಟೆನ್ಷನ್’. ಅವಸರದಲ್ಲಿ ಮಾತಾಡುವ ಡಾಕ್ಟರ ಬಾಯಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ‘ಇಲಿಯಂ’ ಎಂದರೆ ಕರುಳಿನ ಭಾಗವೂ ಹೌದು, ಸೊಂಟದ ಮೂಳೆಯೂ ಹೌದು. ಕಾಗುಣಿತದಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಹದಿನೈದು ಎಂದದ್ದು ಐವತ್ತು ಎಂದು ಬರೆದರೆ ಔಷಧಿಯ ಪ್ರಮಾಣವೇ ಬದಲಾಗಿ ಎಲ್ಲೋ ದೂರದಲ್ಲಿ ಒಂದು ಜೀವಕ್ಕೆ ಕುತ್ತು. ಆದ್ದರಿಂದ ತಪ್ಪಿಲ್ಲದೆ ಬರೆಯುವುದಕ್ಕೇ ಬೆಲೆ. ಕೇಳಿಸದ್ದನ್ನು ಊಹಿಸಿ ತುಂಬಬಾರದು, ಜಾಗ ಖಾಲಿ ಬಿಟ್ಟು ಗುರುತು ಹಾಕಬೇಕು ಎಂಬುದು ಈ ವೃತ್ತಿಯ ಮೊದಲ ಪಾಠ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಇದು ಆಗದ ಮಾತೇನಲ್ಲ. ಆದರೆ ಆರು ತಿಂಗಳಲ್ಲಿ ಆಗುತ್ತದೆ ಎನ್ನುವವರ ಮಾತು ನಂಬಬೇಡಿ. ಇಂಗ್ಲಿಷಿಗೇ ಒಂದು ವರ್ಷ ಬೇಕು. ಶರೀರದ ಭಾಗಗಳು, ರೋಗಗಳು, ಔಷಧಿಗಳ ಹೆಸರು ಆಮೇಲಿನ ಮಾತು.

ಕೂಲಿಯ ಲೆಕ್ಕ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಹಡಗಲಿಯ ಕಡೆ ಮಲ್ಲಿಗೆ ಕಟ್ಟುವವರಿಗೆ ಮಾರಿಗೆ ಇಷ್ಟು ಎಂದು ಲೆಕ್ಕ. ಬಳ್ಳಾರಿಯ ಜೀನ್ಸ್ ಹೊಲಿಗೆಯಲ್ಲಿ ಪೀಸಿಗೆ ಇಷ್ಟು. ಇಲ್ಲಿ ಸಾಲಿಗೆ ಇಷ್ಟು. ಒಂದು ಸಾಲು ಎಂದರೆ ಖಾಲಿ ಜಾಗವೂ ಸೇರಿ 65 ಅಕ್ಷರ ಎಂಬುದು ಈ ಉದ್ಯಮದಲ್ಲಿ ಬಹುಕಾಲದಿಂದ ನಡೆದುಬಂದ ಅಳತೆ. ಆದರೆ ಎಲ್ಲ ಕಡೆ ಇದೇ ಅಳತೆ ಇರುವುದಿಲ್ಲ. ತಪ್ಪಿದ್ದರೆ ದರ ಕಡಿತ. ಮೇಲೆ ಪರೀಕ್ಷಿಸುವವರು ತಿರಸ್ಕರಿಸಿದರೆ ಮತ್ತೆ ಕೂತು ತಿದ್ದಬೇಕು, ಅದಕ್ಕೆ ಕೂಲಿಯಿಲ್ಲ. ಹೂ ಕಟ್ಟುವಾಕೆಗೂ ಹೆಡ್‌ಫೋನ್ ಹಾಕಿಕೊಂಡಾಕೆಗೂ ಇರುವ ಅಂತರ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಅಳತೆಗೋಲು ಯಾರ ಕೈಯಲ್ಲಿದೆಯೋ ಲಾಭ ಅವರದು.

ಇದಕ್ಕೊಂದು ನಿಜ ಪ್ರಸಂಗವಿದೆ. 2003ರ ಅಕ್ಟೋಬರ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆಗೆ ಪಾಕಿಸ್ತಾನದ ಕರಾಚಿಯಿಂದ ಒಬ್ಬ ಹೆಣ್ಣುಮಗಳ ಇ-ಮೇಲ್ ಬಂತು. ನನ್ನ ಬಾಕಿ ಕೂಲಿ ಕೊಡಿಸಿ, ಇಲ್ಲದಿದ್ದರೆ ನಿಮ್ಮ ರೋಗಿಗಳ ದಾಖಲೆಗಳನ್ನು ಇಂಟರ್ನೆಟ್ಟಿನಲ್ಲಿ ಬಯಲು ಮಾಡುತ್ತೇನೆ ಎಂದು. ಸಾಕ್ಷಿಗೆ ದಾಖಲೆಗಳನ್ನೂ ಲಗತ್ತಿಸಿದ್ದಳು. ಆಸ್ಪತ್ರೆಯವರಿಗೆ ಆಕೆ ಯಾರೆಂದೇ ಗೊತ್ತಿರಲಿಲ್ಲ. ಅವರು ಕೆಲಸ ಕೊಟ್ಟದ್ದು ಒಂದು ಕಂಪನಿಗೆ, ಆ ಕಂಪನಿ ಅದನ್ನು ಫ್ಲಾರಿಡಾದ ಇನ್ನೊಬ್ಬರಿಗೆ ಕೊಟ್ಟಿತ್ತು, ಅಲ್ಲಿಂದ ಟೆಕ್ಸಾಸಿನ ಮತ್ತೊಬ್ಬರಿಗೆ, ಕೊನೆಗೆ ಕರಾಚಿಗೆ. ಪ್ರತಿ ಕೈಯೂ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಕೆಳಕ್ಕೆ ದಾಟಿಸಿತ್ತು. ಕೊನೆಯ ಕೈಗೆ ದುಡ್ಡು ಬರಲೇ ಇಲ್ಲ. ಆಮೇಲೆ ಆಕೆ ಬೆದರಿಕೆ ಹಿಂತೆಗೆದುಕೊಂಡಳು. ಆಕೆ ಮಾಡಿದ್ದು ಸರಿಯಲ್ಲ, ರೋಗಿಯ ಗುಟ್ಟನ್ನು ಒತ್ತೆ ಇಡುವುದು ಯಾರಿಗೂ ತರವಲ್ಲ. ಆದರೂ ಜಗತ್ತಿನ ಪತ್ರಿಕೆಗಳೆಲ್ಲ ಆಗ ರೋಗಿಗಳ ಗೋಪ್ಯತೆಯ ಬಗ್ಗೆ ಪುಟಗಟ್ಟಲೆ ಬರೆದವು. ಆ ಹೆಣ್ಣುಮಗಳ ಕೂಲಿಯ ಬಗ್ಗೆ ಬರೆದದ್ದು ಕಡಿಮೆ. ಗುತ್ತಿಗೆ, ಒಳಗುತ್ತಿಗೆ, ಅದರೊಳಗೊಂದು ಗುತ್ತಿಗೆ. ಕಬ್ಬು ಕಡಿಯಲು ಮುಕಾದಮನ ಹಿಂದೆ ಹೋಗಿ ಬಂದ ನಮ್ಮ ಅಕ್ಕಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮುಖ್ಯ ಮಾತು. ತರಬೇತಿ ಕೇಂದ್ರದವರು ಹೇಳದೆ ಬಿಡುವುದು ಇದನ್ನೇ. ಕೇಳಿ ಬರೆಯುವ ಆ ಹಳೆಯ ಕೆಲಸ ಬಹಳಷ್ಟು ಕರಗಿಹೋಗಿದೆ. ಮಾತನ್ನು ಕೇಳಿ ಅಕ್ಷರಕ್ಕಿಳಿಸುವ ಯಂತ್ರಗಳು ಬಂದ ಮೇಲೆ ಕರಡನ್ನು ಯಂತ್ರವೇ ಬರೆಯುತ್ತದೆ, ಮನುಷ್ಯರು ತಿದ್ದುತ್ತಾರೆ. ತಿದ್ದುವ ಕೆಲಸಕ್ಕೆ ಸಾಲಿನ ದರ ಬರೆಯುವುದಕ್ಕಿಂತ ಕಡಿಮೆ. ಇಂಥ ಯಂತ್ರ ತಯಾರಿಸುವ ನ್ಯುಆನ್ಸ್ ಕಂಪನಿಯನ್ನು 2022ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. 2023ರಿಂದ ಈಚೆಗೆ ಡಾಕ್ಟರು ಮತ್ತು ರೋಗಿ ಆಡುವ ಮಾತನ್ನು ಪಕ್ಕದಲ್ಲಿದ್ದು ಕೇಳಿ ತಾನೇ ಟಿಪ್ಪಣಿ ಬರೆಯುವ ಯಂತ್ರಗಳೂ ಅಲ್ಲಿನ ಆಸ್ಪತ್ರೆಗಳಿಗೆ ಬಂದಿವೆ. ಈ ಉದ್ಯೋಗ ಕುಗ್ಗುತ್ತದೆ ಎಂದು ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿ ಅಂಶ ಇಲಾಖೆಯೇ ಅಂದಾಜು ಮಾಡಿದೆ. ಕೆಲಸ ಪೂರ್ತಿ ಸತ್ತಿದೆ ಎಂದಲ್ಲ. ಯಂತ್ರ ತಪ್ಪುತ್ತದೆ, ತಪ್ಪನ್ನು ಹಿಡಿಯಲು ಪಳಗಿದ ಕಿವಿ ಬೇಕೇ ಬೇಕು. ಆದರೆ ಅದು ಹಳಬರಿಗೆ ಸಿಗುವ ಕೆಲಸ, ಈಗ ಕಲಿತು ಬಂದವರಿಗೆ ಬಾಗಿಲು ಕಿರಿದು. ಕೆರೆಯಲ್ಲಿ ನೀರು ಇಳಿಯುತ್ತಿರುವಾಗ ಹೊಸ ಬಲೆಗೆ ಸಾಲ ಮಾಡುವವರು ಎರಡು ಸಲ ಯೋಚಿಸಬೇಕು.

ಹಾಗಾದರೆ ಅರ್ಜಿ ತಿರಸ್ಕರಿಸಬೇಕೆ? ಬೇಡ. ಹುಡುಗಿಯ ಆಸೆ ತಪ್ಪಲ್ಲ, ಬೋರ್ಡು ತಪ್ಪು. ಆಸ್ಪತ್ರೆಯ ಬರಹದ ಕೆಲಸ ಬೇರೆ ರೂಪಗಳಲ್ಲಿ ಇದೆ. ರೋಗ ಮತ್ತು ಚಿಕಿತ್ಸೆಗಳಿಗೆ ವಿಮೆಯ ಲೆಕ್ಕಕ್ಕಾಗಿ ಸಂಕೇತ ಹಾಕುವ ‘ಮೆಡಿಕಲ್ ಕೋಡಿಂಗ್’ ಒಂದು. ಅದಕ್ಕೆ ಜೀವವಿಜ್ಞಾನ, ನರ್ಸಿಂಗ್, ಫಾರ್ಮಸಿ ಓದಿದವರನ್ನು ಹೆಚ್ಚಾಗಿ ತೆಗೆದುಕೊಳ್ಳುತ್ತಾರೆ. ಇನ್ನೊಂದು, ಇಲ್ಲಿಯದೇ ಆಸ್ಪತ್ರೆಗಳ ದಾಖಲೆ ವಿಭಾಗ. ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾಗಳಲ್ಲಿ ವೈದ್ಯಕೀಯ ದಾಖಲೆಗಳ ನಿರ್ವಹಣೆಯ ಕಲಿಕೆಯೂ ಇದೆ. ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಶುರುಮಾಡಿದ ಮೇಲೆ ರೋಗಿಯ ದಾಖಲೆಗಳು ಕಂಪ್ಯೂಟರಿಗೆ ಏರುತ್ತಿವೆ. ಅಮೆರಿಕದ ಸಾಲಿನ ದರ ಕಾಯುವುದಕ್ಕಿಂತ ಹೊಸಪೇಟೆ, ಬಳ್ಳಾರಿಯ ಆಸ್ಪತ್ರೆಯ ದಾಖಲೆ ಕೋಣೆ ಕೈಗೆಟಕುವ ಮಾತು ಎಂದು ನಮ್ಮ ಅಭಿಪ್ರಾಯ. ಸಂಬಳ ದೊಡ್ಡದಿರಲಿಕ್ಕಿಲ್ಲ. ಆದರೆ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಹೋಗಿ ಬರುವ ಖರ್ಚು ಉಳಿದರೆ ಸಣ್ಣ ಸಂಬಳವೂ ಸಂಬಳವೇ.

ದುಡ್ಡು ಕಟ್ಟದೆ ಕಲಿಯುವ ದಾರಿಯೂ ಇದೆ. ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತಾರೆ. 2014ರಲ್ಲಿ ಶುರುವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಬಡ ಕುಟುಂಬಗಳ ಯುವಜನರಿಗೆ ಕೆಲಸ ಕೊಡಿಸುವ ಕರಾರಿನ ಮೇಲೆ ನಡೆಯುವಂಥದ್ದು. ಯಾವ ಕಸುಬು ಈ ವರ್ಷ ಎಲ್ಲಿ ಕಲಿಸುತ್ತಾರೆ ಎಂದು ತಾಲ್ಲೂಕು ಪಂಚಾಯಿತಿಯ ಸಂಜೀವಿನಿ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿ ಕೇಳದೆ ಖಾಸಗಿ ಕೇಂದ್ರಕ್ಕೆ ಸಂಘದ ಉಳಿತಾಯ ಸುರಿಯಬೇಡಿ.

ಖಾಸಗಿ ಕೇಂದ್ರಕ್ಕೇ ಹೋಗಬೇಕೆಂದರೆ ಹುಡುಗಿಯ ಜೊತೆ ಸಂಘದ ಇಬ್ಬರು ಹೋಗಿ ಬರಲಿ. ಕಳೆದ ತಂಡದಲ್ಲಿ ಕಲಿತವರು ಈಗ ಎಲ್ಲಿದ್ದಾರೆ, ಅವರಲ್ಲಿ ಇಬ್ಬರ ಜೊತೆ ಮಾತಾಡಿಸಿ ಎಂದು ಕೇಳಿ. ‘ನೂರಕ್ಕೆ ನೂರು ಕೆಲಸ ಗ್ಯಾರಂಟಿ’ ಎಂದು ಬೋರ್ಡಿನಲ್ಲಿ ಬರೆದಿದ್ದರೆ ಅದನ್ನೇ ಕಾಗದದ ಮೇಲೆ ಬರೆದು ಸಹಿ ಹಾಕಿಕೊಡಿ ಎನ್ನಿ. ಬಹಳ ಕಡೆ ಮಾತು ಅಲ್ಲಿಗೇ ಮುಗಿಯುತ್ತದೆ. ಪೂರ್ತಿ ಶುಲ್ಕ ಮೊದಲೇ ಕಟ್ಟಬೇಡಿ. ರಸೀದಿ ಹುಡುಗಿಯ ಹೆಸರಿನಲ್ಲೇ ಇರಲಿ. ಅಂಕಪಟ್ಟಿಯ ಮೂಲ ಪ್ರತಿಯನ್ನು ಅವರ ಬಳಿ ಬಿಟ್ಟು ಬರಬೇಡಿ. ಮೂಲ ಪ್ರತಿ ಹಿಡಿದುಕೊಂಡವರು ಆಮೇಲೆ ಹುಡುಗಿಯನ್ನೇ ಹಿಡಿದುಕೊಳ್ಳುತ್ತಾರೆ. ಮೋಸವಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ.

ಕೆಲಸ ಸಿಗಲಿ ಬಿಡಲಿ, ಈ ಕಲಿಕೆಯಿಂದ ಸಂಘಕ್ಕೆ ಆಗುವ ಒಂದು ಉಪಕಾರವಿದೆ. ಆಸ್ಪತ್ರೆಯ ಕಾಗದ ಓದಬಲ್ಲ ಹುಡುಗಿ ಊರಿಗೊಬ್ಬಳು ಇದ್ದರೆ ಎಷ್ಟೋ ಮನೆಗಳ ಕಥೆ ಬೇರೆಯಾಗುತ್ತಿತ್ತು. ಹೊಡೆತ ತಿಂದು ಆಸ್ಪತ್ರೆಗೆ ಹೋದ ಹೆಣ್ಣುಮಗಳ ಪಕ್ಕದಲ್ಲಿ ಅತ್ತೆಯೋ ಗಂಡನೋ ನಿಂತಿರುತ್ತಾರೆ. ‘ಮೆಟ್ಟಿಲ ಮೇಲಿಂದ ಬಿದ್ದಳು’ ಎಂದು ಅವರೇ ಹೇಳುತ್ತಾರೆ. ಚೀಟಿಯಲ್ಲಿ ಹಾಗೇ ಬರೆದುಕೊಳ್ಳುತ್ತಾರೆ. ಅದೇ ಚೀಟಿ ವರ್ಷದ ನಂತರ ಕೋರ್ಟಿನಲ್ಲಿ ಅವಳ ವಿರುದ್ಧ ನಿಲ್ಲುತ್ತದೆ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗಿ, ಸತ್ತ ಹೆಂಡಂದಿರ ಕಡತಗಳನ್ನು ಕೆದಕಿದರು. ‘ಸ್ಟೌವ್ ಸಿಡಿದು’, ‘ಅಡಿಗೆ ಮಾಡುವಾಗ ಆಕಸ್ಮಿಕ’ ಎಂಬ ಎರಡು ಮಾತಿನಲ್ಲಿ ಎಷ್ಟೊಂದು ಸಾವುಗಳು ಮುಚ್ಚಿಹೋಗಿದ್ದವು ಎಂಬುದು ಆಗ ಊರಿಗೆಲ್ಲ ಗೊತ್ತಾಯಿತು. ಸಿಡಿಯುತ್ತಿದ್ದ ಸ್ಟೌವ್‌ಗಳು ಸೊಸೆಯಂದಿರನ್ನೇ ಹುಡುಕಿ ಸುಡುತ್ತಿದ್ದವೇ ಎಂದು ಚಳವಳಿ ಅಂದು ಕೇಳಿದ ಪ್ರಶ್ನೆಗೆ ಉತ್ತರ ಆ ದಾಖಲೆಗಳಲ್ಲಿ ಇರಬೇಕಿತ್ತು. ಬರೆದವರು ಬರೆದಿರಲಿಲ್ಲ.

ಆದ್ದರಿಂದ ಇದನ್ನು ನೆನಪಿಡಿ. ಒಳರೋಗಿಯಾಗಿ ಸೇರಿದವರ ದಾಖಲೆಯನ್ನು 3 ವರ್ಷ ಇಟ್ಟುಕೊಳ್ಳಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ನಡವಳಿಕೆಯ 2002ರ ನಿಯಮ ಹೇಳುತ್ತದೆ. ಗಾಯ ಹೇಗಾಯಿತೆಂದು ಅವಳ ಬಾಯಿಂದಲೇ, ಬೇರೆಯವರು ಇಲ್ಲದಾಗ ಕೇಳಿ ಬರೆದುಕೊಳ್ಳಿ ಎಂದು ಡಾಕ್ಟರಲ್ಲಿ ಕೇಳುವ ಧೈರ್ಯ ಸಂಘದ ಹೆಣ್ಣುಮಕ್ಕಳಿಗೆ ಬರಬೇಕು. ಏನು ಬರೆದಿದ್ದಾರೆ ಎಂದು ಓದಿ ಹೇಳಲು ನಮ್ಮವಳೇ ಒಬ್ಬಳು ಬೇಕು.

ಇನ್ನು ಸಂಬಳದ ವಿಷಯ. ಹುಡುಗಿಗೆ ಕೆಲಸ ಸಿಕ್ಕಿತು ಎನ್ನಿ. ಸಂಬಂಧ ಕೇಳಿಕೊಂಡು ಬರುವವರ ಮಾತಿನ ಧಾಟಿಯೇ ಬದಲಾಗುತ್ತದೆ. ‘ನಮಗೇನೂ ಬ್ಯಾಡರೀ, ಹುಡುಗಿ ದುಡೀತಾಳಲ್ಲ, ಅಷ್ಟೇ ಸಾಕು’ ಎನ್ನುತ್ತಾರೆ. ಹೆತ್ತವರು ಹಿಗ್ಗುತ್ತಾರೆ. ಸ್ವಲ್ಪ ತಡೆಯಿರಿ. ವರದಕ್ಷಿಣೆ ಬೇಡವೆಂದವರು ತಿಂಗಳು ತಿಂಗಳು ಅವಳ ಸಂಬಳ ಎಣಿಸಿಕೊಂಡರೆ ಅದು ಕಂತಿನ ವರದಕ್ಷಿಣೆಯೇ. ಒಂದೇ ಸಲ ಕೊಡುವುದಕ್ಕೆ ಒಂದು ಕೊನೆಯಾದರೂ ಇತ್ತು. ಇದಕ್ಕೆ ಅವಳು ದುಡಿಯುವ ತನಕ ಕೊನೆಯಿಲ್ಲ. ಹೆರಿಗೆಗೆಂದು ಕೆಲಸ ಬಿಟ್ಟ ತಿಂಗಳು ‘ತವರಿನಿಂದ ತಾ’ ಎಂಬ ಮಾತು ಶುರುವಾಗುತ್ತದೆ. ದುಡಿಯುವ ಹೆಣ್ಣಿಗೆ ಹೊಡೆತ ಬೀಳುವುದಿಲ್ಲ ಎಂಬ ನಂಬಿಕೆಯೊಂದು ನಮ್ಮೊಳಗೂ ಇದೆ. ಕೂಲಿ ಮಾಡಿ ಮನೆ ನಡೆಸುವ ಹೆಂಗಸರು ತುಂಬಿರುವ ನಮ್ಮ ಹೊಲಗಳನ್ನು, ಜೀನ್ಸ್ ಹೊಲಿಯುವ ಮನೆಗಳನ್ನು ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ.

ಕಾನೂನು ಇದನ್ನು ಕಂಡಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಮೈಮೇಲಿನ ಹೊಡೆತದ ಜೊತೆ ಆರ್ಥಿಕ ದೌರ್ಜನ್ಯವನ್ನೂ ಸೇರಿಸಿದ್ದಾರೆ. ಆ ಕಾಯ್ದೆಯ ನಿಯಮಗಳಲ್ಲಿ ದೂರು ಬರೆದುಕೊಳ್ಳುವ ನಮೂನೆಯೊಂದಿದೆ. ಕೆಲಸಕ್ಕೆ ಹೋಗದಂತೆ ತಡೆದರೆ? ನಿಮ್ಮ ಸಂಬಳ, ಕೂಲಿ ಕಿತ್ತುಕೊಂಡರೆ? ನಿಮ್ಮ ಸಂಬಳವನ್ನು ನೀವೇ ಬಳಸಲು ಬಿಡಲಿಲ್ಲವೆ? ಎಂಬ ಅರ್ಥದ ಸಾಲುಗಳು ಅದರಲ್ಲೇ ಇವೆ. ಮೈಮೇಲೆ ಗಾಯ ಇರಲೇಬೇಕೆಂದಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂಗನವಾಡಿಯವರು ಸಿಡಿಪಿಓ ಎನ್ನುತ್ತಾರಲ್ಲ, ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. 181ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ. ತವರಿನವರು ಕೊಡಿಸಿದ ಲ್ಯಾಪ್‌ಟಾಪ್ ಅವಳ ಸ್ತ್ರೀಧನ. ರಸೀದಿ ಅವಳ ಹೆಸರಿನಲ್ಲಿದ್ದರೆ ವಾದಕ್ಕೆ ಎಡೆಯೇ ಇಲ್ಲ, ಮೈದುನನ ಹೆಸರಿನಲ್ಲಿ ಕೊಂಡರೆ ಮಾತ್ರ ಮುಂದೆ ತಕರಾರು.

ಕಾನೂನಿಗಿಂತ ಮೊದಲು ಮಾಡಬೇಕಾದದ್ದು ಬ್ಯಾಂಕಿನಲ್ಲಿದೆ. ಖಾತೆ ಅವಳ ಹೆಸರಿನಲ್ಲಿದ್ದ ಮಾತ್ರಕ್ಕೆ ದುಡ್ಡು ಅವಳದಾಗುವುದಿಲ್ಲ. ಎಷ್ಟೋ ಹೆಂಗಸರ ಖಾತೆಗೆ ಜೋಡಿಸಿದ ಫೋನ್ ನಂಬರು ಗಂಡನದು. ಒಟಿಪಿ ಅವನಿಗೆ ಬರುತ್ತದೆ, ಎಟಿಎಂ ಕಾರ್ಡು ಅವನ ಅಂಗಿಯ ಜೇಬಿನಲ್ಲಿರುತ್ತದೆ, ಪಾಸ್‌ಬುಕ್ ಅತ್ತೆಯ ಟ್ರಂಕಿನಲ್ಲಿ. 2023ರಲ್ಲಿ ಗೃಹಲಕ್ಷ್ಮಿಯ 2000 ರೂಪಾಯಿ ಬರಲು ಶುರುವಾದಾಗ ಎಷ್ಟು ಜನಕ್ಕೆ ತಮ್ಮ ಖಾತೆಯ ಮೆಸೇಜು ಬೇರೆಯವರ ಫೋನಿಗೆ ಹೋಗುತ್ತದೆಂದು ತಿಳಿಯಿತು, ನಿಮ್ಮ ಸಂಘದಲ್ಲೇ ಕೈ ಎತ್ತಿಸಿ ನೋಡಿ. ಮೊದಲ ಸಂಬಳಕ್ಕೆ ಮುಂಚೆ ಹುಡುಗಿ ತನ್ನದೇ ನಂಬರು ಜೋಡಿಸಿಕೊಳ್ಳಲಿ. ಮದುವೆಯಾದ ಮೇಲೂ ಅದೇ ಖಾತೆ, ಅದೇ ನಂಬರು ಇರಲಿ.

ಮನೆಯಲ್ಲೇ ಕೂತು ಮಾಡುವ ಕೆಲಸ ಹೆಣ್ಣಿಗೆ ಹೇಳಿ ಮಾಡಿಸಿದ್ದು ಎನ್ನುವವರಿಗೂ ಒಂದು ಮಾತು. ಹೊರಗೆ ಹೋಗಿ ಬರುವವಳ ಕೆಲಸ ಕಣ್ಣಿಗೆ ಕಾಣುತ್ತದೆ. ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೂತವಳು ‘ಸುಮ್ಮನೆ ಕೂತಿರುತ್ತಾಳೆ’. ನಡುವೆ ರೊಟ್ಟಿ ಬಡಿಯಬೇಕು, ನೀರು ತರಬೇಕು, ಮಗುವನ್ನು ಎತ್ತಿಕೊಳ್ಳಬೇಕು. ಗಡುವು ಮಾತ್ರ ನಿಲ್ಲುವುದಿಲ್ಲ. ರೋಗಿಯ ಗುಟ್ಟು ಮನೆಯವರ ಕಿವಿಗೂ ಬೀಳಬಾರದೆಂಬ ಕಟ್ಟಳೆ ಬೇರೆ. ಒಂದೇ ಅಂಕಣದ ಮನೆಯಲ್ಲಿ ಅದನ್ನು ಪಾಲಿಸುವುದು ಹೇಗೆ? ಕರೆಂಟು ಹೋದರೆ ರಾತ್ರಿ ಎದ್ದು ಮಾಡಬೇಕು, ರಾತ್ರಿ ಎದ್ದರೆ ಅನುಮಾನದ ಮಾತು. ಹೊಡೆಯುವ ಗಂಡನ ಮನೆಯಲ್ಲಿ ಇದ್ದವಳಿಗೆ ದಿನಕ್ಕೆ ಎಂಟು ಗಂಟೆ ಹೊರಗೆ ಹೋಗಿ ಬರುವ ಕೆಲಸವೇ ಒಂದು ಉಸಿರು. ನಾಲ್ಕು ಜನರ ಮುಖ ಕಾಣುತ್ತದೆ, ಮುಖದ ಮೇಲಿನ ಬಾವು ನಾಲ್ಕು ಜನರಿಗೆ ಕಾಣುತ್ತದೆ. ಅಂಥವಳನ್ನು ಮನೆಗೆಲಸದ ಜೊತೆ ಕಂಪ್ಯೂಟರಿಗೂ ಕಟ್ಟಿಹಾಕುವುದು ಬೇಡ. ಸಾಧ್ಯವಿದ್ದರೆ ಸಂಘದ ಕೋಣೆಯಲ್ಲೋ ಗ್ರಂಥಾಲಯದಲ್ಲೋ ಒಂದು ಮೇಜು ಕೊಡಿಸಿ.

ಪಿಯುಸಿ ಫಲಿತಾಂಶ ಬಂದ ವಾರದಲ್ಲೇ ಬಸ್‌ಸ್ಟ್ಯಾಂಡಿನ ಗೋಡೆಗಳಿಗೆ ಹೊಸ ಪೋಸ್ಟರುಗಳು ಬೀಳುತ್ತವೆ, ಸಾಲದ ಅರ್ಜಿಗಳೂ ಅದರ ಹಿಂದೆಯೇ ಬರುತ್ತವೆ. ಅರ್ಜಿ ಚರ್ಚೆಗೆ ಬಂದ ದಿನ ಅವ್ವನ ಜೊತೆ ಮಗಳನ್ನೂ ಸಭೆಗೆ ಕರೆಸಿ, ಅವಳ ಬಾಯಿಂದಲೇ ಕೇಳಿ. ಸಾಲ ಕೊಡುವುದಾದರೆ ಮೂರು ಕಂತಿನಲ್ಲಿ ಕೊಡಿ. ಹಿಂದಿನ ಕಂತಿನ ರಸೀದಿ ತಂದ ಮೇಲೆ ಮುಂದಿನದು. ನಡಾವಳಿ ಪುಸ್ತಕದಲ್ಲಿ ಬರೆಯುವಾಗ ‘ಮದುವೆ ಮುಂದಿನ ಖರ್ಚು’ ಎಂದು ಬರೆಯಬೇಡಿ. ‘ಕಲಿಕೆ’ ಎಂದು ಬರೆಯಿರಿ, ಪಕ್ಕದಲ್ಲಿ ಹುಡುಗಿಯ ಸಹಿ ಹಾಕಿಸಿ.